ಗೀರು ದಾಟಿದ ಸ್ವರ

ಎಲ್ಲರೂ ಎಡವುವ ಜಾಗದಲ್ಲಿ ಒಬ್ಬರು ಮಾತ್ರ ಎಡವಲಿಲ್ಲ.

ಟೈಲರ್ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಸುತ್ತ ಕೂತು, ತಲೆ ನರೆತ ಮೂವರು ಗಂಡಸರು ಬಾಯಲ್ಲೇ ಟ್ರಂಪೆಟ್ ಊದುತ್ತಿದ್ದರು. ಅಂಗಡಿಯ ಟೈಲರು ಕಣ್ಣು ಮುಚ್ಚಿದ್ದರು. ಹಲ್ಲಿನ ಡಾಕ್ಟರು ಬೆರಳಿನಿಂದ ಮಂಡಿ ಕುಟ್ಟುತ್ತಿದ್ದರು. ತನಿಖೆಯಮ್ಮನ ಯಜಮಾನರಂತೂ ಕೆನ್ನೆ ಉಬ್ಬಿಸಿ, ಇಲ್ಲದ ವಾದ್ಯವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದರು. ಇಡೀ ಜೀವನ ಕಚೇರಿಯಲ್ಲಿ ತುಟಿ ಪಿಟಕ್ಕೆನ್ನದೆ ನಕ್ಷೆ ಬರೆದ ಮನುಷ್ಯ ಇವರೇನಾ ಎಂದು ಪಕ್ಕದಲ್ಲೇ ಕೂತಿದ್ದ ಹೆಂಡತಿಗೇ ಅನುಮಾನ ಬರುವಂತಿತ್ತು.

ಕಳೆದ ಭಾನುವಾರ ಇದೇ ಅಂಗಡಿಯ ಬೀರುವಿನಿಂದ ಮಾಯವಾದ ಗುಬ್ಬಿಯ ಗ್ರಾಮಫೋನ್ ತಟ್ಟೆ ಇನ್ನೂ ಸಿಕ್ಕಿರಲಿಲ್ಲ. ಸಿಗುವ ತನಕ ಬಸ್ಸಕ್ಕನಿಗೆ ಅದನ್ನು ಬಾಯಲ್ಲಾದರೂ ಕೇಳಿಸೋಣವೆಂದು ಮೂವರೂ ಸೇರಿ ಹೊರಟಿದ್ದರು.

ಬಸ್ಸಕ್ಕ ಎದುರಿಗೆ ಕೂತು ಬಲಗಿವಿಗೆ ಅಂಗೈ ಆನಿಸಿಕೊಂಡಿದ್ದರು. ಎಡಗಿವಿ ಹೋಗಿ ಬಹಳ ಕಾಲವಾಗಿತ್ತು. ಊರಿನ ಬಸ್ಸು ಓಡಿಸಿ ನಿವೃತ್ತರಾದ ಹೆಂಗಸು. ಈಗಲೂ ಕುರ್ಚಿಯಲ್ಲಿ ಕೂತರೆ ಬಲಗಾಲು ಬ್ರೇಕ್ ಹುಡುಕುತ್ತದೆ. ಗುಬ್ಬಿ ಅವರ ಒಡಹುಟ್ಟಿದ ತಮ್ಮ. ಟ್ರಂಪೆಟ್ ಊದುತ್ತಿದ್ದವನು. ಮೂವತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಮನೆ ಬಿಟ್ಟು ಹೋದವನು ಬದುಕಿದ್ದಾನೋ ಇಲ್ಲವೋ ಯಾರಿಗೂ ತಿಳಿಯದು. ಅವನು ಊದಿದ್ದು ಉಳಿದಿದ್ದೆಂದರೆ ಆ ಒಂದೇ ತಟ್ಟೆ, ಅದರಲ್ಲಿ ಒಂದೇ ರಾಗ. ಅದಕ್ಕೆ ನಕಲಿಲ್ಲ.

ಆ ತಟ್ಟೆಯಲ್ಲೂ ಒಂದು ಗೀರು. ಸ್ಟುಡಿಯೋದಲ್ಲಿ ಕೊರೆಸಿಕೊಂಡು ತಂದ ದಿನವೇ, ಮುಳ್ಳಿನ ಕೆಳಗೆ ಒಂದು ಸಲವೂ ಇಡುವ ಮೊದಲೇ, ಬಸ್ಸಿನಲ್ಲಿ ಯಾರದೋ ಛತ್ರಿಯ ತುದಿ ತಾಗಿತ್ತು. ಹಾಗಾಗಿ ಮೂರನೆಯ ಸುತ್ತಿನಲ್ಲಿ, ಗುಬ್ಬಿ ಮೇಲೇರಿ ಮೇಲೇರಿ ತುದಿಯಲ್ಲಿ ನಿಂತ ಹೊತ್ತಿಗೆ, ಮುಳ್ಳು ಟಕ್ಕೆಂದು ಹಾರಿ ಮುಂದಿನ ಸಾಲಿಗೆ ಬೀಳುತ್ತಿತ್ತು. ಸ್ಟುಡಿಯೋದಲ್ಲಿ ಆ ಗಳಿಗೆಗೆ ಹೊಳೆದಂತೆ ಊದಿದ್ದು, ನಡುವೆ ಏನಿತ್ತೋ ದೇವರೇ ಬಲ್ಲ. ಈ ಜಾಝ್ ಹುಚ್ಚರು ಆ ರಾಗವನ್ನು ಆ ಎಡವಟ್ಟಿನ ಸಮೇತ ಬಾಯಿಪಾಠ ಮಾಡಿದ್ದರು. ಹಾರುವ ಕಡೆ ಮೂವರೂ ಒಟ್ಟಿಗೆ ಬಿಕ್ಕಳಿಸಿದಂತೆ ಹಾರುತ್ತಿದ್ದರು. ತನಿಖೆಯಮ್ಮನ ಯಜಮಾನರಿಗಂತೂ ಆ ಜಿಗಿತವೇ ಇಡೀ ರಾಗದ ಪ್ರಾಣ ಎಂಬ ಸಿದ್ಧಾಂತವೇ ಇತ್ತು. ಅದರ ಮೇಲೆ ಒಮ್ಮೆ ಒಂದಿಡೀ ಮಧ್ಯಾಹ್ನ ಭಾಷಣ ಮಾಡಿದ್ದರು.

ಇವತ್ತು ಟೈಲರು ಹಾರಿದರು. ಯಜಮಾನರು ಹಾರಿದರು. ಡಾಕ್ಟರು ಹಾರಲಿಲ್ಲ.

ಅವರ ದನಿ ತುದಿಯಿಂದ ನಿಧಾನವಾಗಿ, ಬಳುಕಿಕೊಂಡು, ಐದಾರು ಸ್ವರ ಕೆಳಗಿಳಿಯಿತು. ತಾನು ಒಬ್ಬನೇ ಹಾಡುತ್ತಿದ್ದೇನೆಂದು ಗೊತ್ತಾದ ಕೂಡಲೇ ಡಾಕ್ಟರು ಕೆಮ್ಮಿದರು. ಜೋರಾಗಿ ಕೆಮ್ಮಿದರು. ನೀರು ಬೇಕೆಂದರು.

ಬಸ್ಸಕ್ಕನಿಗೆ ಅದು ಕೇಳಿಸಲಿಲ್ಲ. ಡಾಕ್ಟರು ಕೂತಿದ್ದು ಅವರ ಎಡಗಡೆ.

ತನಿಖೆಯಮ್ಮನಿಗೆ ಕೇಳಿಸಿತು. ವಿಮಾ ಕಂಪನಿಯಲ್ಲಿ ಸುಟ್ಟ ಗೋದಾಮುಗಳ ಬೂದಿ ಕೆದಕಿ, ತಾನಾಗಿ ಹತ್ತಿದ ಬೆಂಕಿ ಯಾವುದು, ಹಚ್ಚಿದ ಬೆಂಕಿ ಯಾವುದು ಎಂದು ಹೇಳಿ ಹೇಳಿಯೇ ಅವರಿಗೆ ಆ ಹೆಸರು ಬಂದಿದ್ದು. ಜಾಝ್ ಅವರ ತಲೆಗೆ ಹತ್ತಿದ್ದಲ್ಲ. ಪಾತ್ರೆಯ ಬೀರು ಮಗುಚಿ ಬಿದ್ದರೂ ಅದೇ ಸದ್ದು ಬರುತ್ತದೆಂದು ಅವರ ನಂಬಿಕೆ. ಆದರೆ ಈ ಒಂದು ರಾಗ ಮಾತ್ರ ಅವರಿಗೂ ಬಾಯಿಗೆ ಬಂದಿತ್ತು. ಯಜಮಾನರು ದಿನಾ ಸ್ನಾನದ ಮನೆಯಲ್ಲಿ ಅದನ್ನೇ ಊದಿದರೆ ಬಾರದೆ ಇರುತ್ತದೆಯೇ?

"ಏನು ಡಾಕ್ಟ್ರೇ, ಗಂಟಲು?" ಎಂದರು.

"ಧೂಳು," ಎಂದರು ಡಾಕ್ಟರು. "ಬಟ್ಟೆ ಧೂಳು."

"ನನ್ನ ಅಂಗಡೀಲಿ ಧೂಳಾ?" ಟೈಲರಿಗೆ ಸಿಟ್ಟು ಬಂತು. "ಈ ಬಟ್ಟೆ ಇರೋದಕ್ಕೇ ಇಲ್ಲಿ ಸದ್ದು ಇಷ್ಟು ಚೆನ್ನಾಗಿ ಕೇಳೋದು. ನಿಮ್ಮ ಕ್ಲಿನಿಕ್ಕಲ್ಲಿ ಹಾಕಿದ್ರೆ ಬಕೆಟ್ ಒಳಗೆ ಊದ್ದಂಗಿರತ್ತೆ."

ಅದು ನಿಜವೇ. ಗೋಡೆಯುದ್ದಕ್ಕೂ ಸುರುಳಿ ಸುತ್ತಿ ನಿಲ್ಲಿಸಿದ ಬಟ್ಟೆ ಪ್ರತಿಧ್ವನಿಯನ್ನೆಲ್ಲ ನುಂಗಿ, ವಾದ್ಯವನ್ನಷ್ಟೇ ಉಳಿಸುತ್ತಿತ್ತು. ಅದಕ್ಕೇ ಭಾನುವಾರದ ಕೂಟ ಇಲ್ಲಿ ಸೇರುವುದು. ಒಬ್ಬೊಬ್ಬರೂ ತಮಗೆ ಇಷ್ಟವಾದ ಒಂದು ತಟ್ಟೆಯನ್ನು ಎದೆಗವಚಿಕೊಂಡು ತರುತ್ತಾರೆ. ಊದುವವರಿಗೆ ಬಾರಿಸುವವರಿಗೆ ತಾವೇ ಹೆಸರಿಡುತ್ತಾರೆ: ಸೋಮಾರಿ, ಬೆಕ್ಕಿನ ಹೆಜ್ಜೆ, ದೊಡ್ಡಪ್ಪ, ಅಳುಬುರುಕ.

ಮಾತು ಮರೆಸಲು ಟೈಲರು ಒಂದು ತಟ್ಟೆ ಹಾಕಿದರು. ಸೋಮಾರಿಯ ಸ್ಯಾಕ್ಸೋಫೋನು.

"ಕೇಳಿ ಇವನನ್ನ. ತಾಳ ಆ ಕಡೆ ಹೋಗ್ತಿದೆ, ಇವನು ಇನ್ನೂ ಚಪ್ಪಲಿ ಹುಡುಕ್ತಿದಾನೆ."

"ಆದ್ರೂ ಬಸ್ ತಪ್ಪಲ್ಲ ನೋಡಿ," ಎಂದರು ಯಜಮಾನರು. "ಕೊನೇ ಗಳಿಗೇಲಿ ಹತ್ಕೋತಾನೆ. ಆಹಾ! ಹತ್ಕೊಂಡ!"

"ಹಂಗೆ ಹತ್ತೋರಿಂದ್ಲೇ ನಮ್ಮ ತಲೆ ಬೆಳ್ಳಗಾಗಿದ್ದು," ಎಂದರು ಬಸ್ಸಕ್ಕ. ಎಲ್ಲರೂ ನಕ್ಕರು. ನಗು ನಿಂತ ಮೇಲೆ ಬಸ್ಸಕ್ಕ ಬಲಗಿವಿಯ ಮೇಲಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಇದೂ ಹೋಗತ್ತಂತೆ," ಎಂದರು. "ಕಿವಿ ಡಾಕ್ಟ್ರು ಹೇಳಿದ್ರು. ಜಾಸ್ತಿ ದಿನ ಇಲ್ಲ. ಹೋಗೋದು ಹೋಗ್ಲಿ, ಯಾರಪ್ಪನ ಗಂಟು. ಹೋಗೋಕೆ ಮುಂಚೆ ಗುಬ್ಬೀನ ಒಂದ್ಸಲ ಸರಿಯಾಗಿ ಕೇಳ್ಕೊಂಡ್ಬಿಟ್ರೆ, ಆಮೇಲೆ ತಲೆ ಒಳಗೇ ಹಾಕ್ಕೊಂಡು ಕೇಳ್ತೀನಿ."

ಡಾಕ್ಟರು ಎದ್ದು, ಹಲ್ಲು ನೋವಿನ ರೋಗಿಯೊಬ್ಬರು ಕಾಯುತ್ತಿರುತ್ತಾರೆಂದು ಹೇಳಿ ಹೊರಟೇ ಹೋದರು. ಭಾನುವಾರ ಅವರ ಕ್ಲಿನಿಕ್ಕಿಗೆ ರಜೆ.

ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತಲ್ಲ ಎಂದುಕೊಂಡರು ತನಿಖೆಯಮ್ಮ.

ಬೂದಿ ಕೆದಕಿದ ಬುದ್ಧಿ ಕೆಲಸಕ್ಕೆ ತೊಡಗಿತು. ಬೀರುವಿನ ಬೀಗ ಒಡೆದಿರಲಿಲ್ಲ. ಅದರ ಕೀಲಿ ಅಳತೆ ಟೇಪುಗಳ ಮೊಳೆಗೆ ತೂಗುತ್ತದೆಂದು ಕೂಟದವರಿಗಷ್ಟೇ ಗೊತ್ತು. ತಟ್ಟೆ ಎತ್ತಿದವರು ಖಾಲಿ ಲಕೋಟೆ ಬಿಟ್ಟಿರಲಿಲ್ಲ. ಲಕೋಟೆ ಮುದುರಬಾರದೆಂದು ಒಳಗೆ ಯಾವುದೋ ವ್ಯಾಯಾಮ ಪಾಠದ ತಟ್ಟೆ ಇಟ್ಟಿದ್ದರು. ಅದರ ಮೇಲೂ ಬೆರಳಿನ ಗುರುತಿಲ್ಲ, ಅಂಚು ಹಿಡಿದು ಎತ್ತಿಟ್ಟಿದ್ದು. ಮಾರುವ ಕಳ್ಳನಿಗೆ ಇಷ್ಟು ಅಕ್ಕರೆ ಎಲ್ಲಿಂದ ಬರಬೇಕು? ಪ್ರೀತಿಯಿಂದ ಕದ್ದವರು ಇವರು.

ಹಾಗೆ ಕದಿಯಬಲ್ಲವರು ಮೂವರು. ಟೈಲರಿಗೆ ಕದಿಯುವ ಅಗತ್ಯವೇ ಇರಲಿಲ್ಲ, ಬೀರುವೇ ಅವರದು. ತಮ್ಮ ಯಜಮಾನರನ್ನು ತನಿಖೆಯಮ್ಮ ಲೆಕ್ಕಕ್ಕೇ ಹಿಡಿಯಲಿಲ್ಲ. ಹುಟ್ಟಿದಾಗಿನಿಂದ ಒಂದು ಸುಳ್ಳನ್ನು ನೆಟ್ಟಗೆ ಹೇಳಲು ಬಾರದ ಪ್ರಾಣಿ ಅದು. ಉಳಿದವರು ಡಾಕ್ಟರು. ಸೂಜಿಮೊನೆಯ ಸಲಕರಣೆ, ಕಣ್ಣಿಗೆ ಕಟ್ಟಿಕೊಳ್ಳುವ ಭೂತಗನ್ನಡಿ, ನಡುಗದ ಕೈ. ಮನಸ್ಸು ಮಾಡಿದರೆ ಗೀರನ್ನು ಕೆತ್ತಿ ತೆಗೆದು, ಮುಳ್ಳು ಹಾರದಂತೆ ಮಾಡಬಲ್ಲವರು. ಮಾಡಿದ್ದಾರೆ. ಅದಕ್ಕೇ ಗೀರಿನಾಚೆಯ ಸ್ವರ ಅವರ ಬಾಯಿಗೆ ಬಂದಿದೆ.

ಬೀದಿಗಿಳಿದು ಮನೆಯ ಕಡೆ ನಡೆಯುವಾಗ ತನಿಖೆಯಮ್ಮ ಬಸ್ಸಕ್ಕನ ಬಲಗಡೆಗೆ ಬಂದು ಹೇಳಿಯೇಬಿಟ್ಟರು: "ನಾಳೆ ಬೆಳಿಗ್ಗೆ ತಿಂಡಿ ಮುಗಿಸ್ಕೊಂಡು ಹಲ್ಲಿನ ಡಾಕ್ಟ್ರ ಕ್ಲಿನಿಕ್ಕಿಗೆ ಬನ್ನಿ. ನಿಮ್ಮ ತಟ್ಟೆ ನಿಮ್ಮ ಕೈಗೆ ಕೊಡಿಸ್ತೀನಿ."

ಬಸ್ಸಕ್ಕ ನಿಂತುಬಿಟ್ಟರು. "ಹೌದಾ?"

"ಹೌದು."

"ಚೀಲ ತರ್ತೀನಿ. ಒಳಗೆ ಟವೆಲ್ ಹಾಕ್ಕೊಂಡು ತರ್ತೀನಿ, ತಾಗಬಾರ್ದಲ್ಲ." ಸ್ವಲ್ಪ ದೂರ ನಡೆದ ಮೇಲೆ ಅವರೇ ಮಾತು ಮುಂದುವರಿಸಿದರು. "ಗುಬ್ಬಿ ಹಲ್ಲು ಹೋಗಿದ್ದು ನನ್ನಿಂದ, ಗೊತ್ತಲ್ವಾ? ನಾಯಿ ಅಡ್ಡ ಬಂತು ಅಂತ ಬ್ರೇಕ್ ಒತ್ತಿದೆ. ಅವನು ನನ್ನ ಹಿಂದೇನೇ ನಿಂತಿದ್ದ. ಕಂಬಿಗೆ ಬಾಯಿ ಬಡೀತು. ಮುಂದಿನ ಹಲ್ಲಿಲ್ದೆ ಟ್ರಂಪೆಟ್ ಊದಕ್ಕಾಗಲ್ಲ. ಏನಾಗಿಲ್ಲ ಬಿಡೇ ಅಕ್ಕ ಅಂತ ನಕ್ಕ, ರಕ್ತ ಒರೆಸ್ಕೊಂಡು. ಅದಾಗಿ ವಾರಕ್ಕೆ ಹೋದ."

ಆ ರಾತ್ರಿ ಊಟ ಮಾಡುವಾಗ ತನಿಖೆಯಮ್ಮ ಗಂಡನನ್ನು ಕೇಳಿದರು: "ಆ ಹಾರೋ ಜಾಗದಲ್ಲಿ ಗುಬ್ಬಿ ಏನು ಊದಿರಬಹುದು ರೀ?"

ಯಜಮಾನರು ಚಮಚ ಕೆಳಗೆ ಬೀಳಿಸಿದರು. ಎತ್ತಿಕೊಳ್ಳಲು ಬಗ್ಗಿದವರು ಮೇಜಿನ ಕೆಳಗೆ ಸುಮಾರು ಹೊತ್ತು ಇದ್ದರು. "ನಂಗೇನು ಗೊತ್ತು ಕಣೆ," ಎಂಬ ಮಾತು ಅಲ್ಲಿಂದಲೇ ಬಂತು. ಪಾಪ, ತಟ್ಟೆ ಕಳೆದ ಸಂಕಟ ಎಂದುಕೊಂಡು ತನಿಖೆಯಮ್ಮ ಇನ್ನೊಂದು ಸೌಟು ಸಾರು ಬಡಿಸಿದರು.

ಕ್ಲಿನಿಕ್ಕು ಬೆಳಿಗ್ಗೆ ಖಾಲಿಯಿತ್ತು. ಕಪಾಟಿನಲ್ಲಿ ಸುಣ್ಣದ ದವಡೆಗಳು ಸಾಲಾಗಿ ಬಾಯಿ ತೆರೆದುಕೊಂಡು ಕೂತಿದ್ದವು. ಮೂಲೆಯ ಸಣ್ಣ ಸ್ಪೀಕರಿನಲ್ಲಿ ಬೆಕ್ಕಿನ ಹೆಜ್ಜೆಯ ಪಿಯಾನೊ ಮೆಲ್ಲಗೆ ನಡೆಯುತ್ತಿತ್ತು. ಹಲ್ಲು ಕೀಳುವಾಗ ಡಾಕ್ಟರು ಅದನ್ನೇ ಹಾಕುವುದು, ರೋಗಿಗಲ್ಲ, ತಮ್ಮ ಧೈರ್ಯಕ್ಕೆ.

"ಎಲ್ಲಿ ನೋವು?" ಎಂದರು ಡಾಕ್ಟರು.

"ಹಲ್ಲಲ್ಲಿ ಅಲ್ಲ." ತನಿಖೆಯಮ್ಮ ರೋಗಿಯ ಕುರ್ಚಿಯಲ್ಲೇ ಕೂತರು. ಬೇರೆ ಕುರ್ಚಿ ಅಲ್ಲಿರಲಿಲ್ಲ. "ನಿನ್ನೆ ನೀವು ಗೀರಿನ ಹತ್ರ..."

"ಬಾಯಿ ತೆಗೀರಿ."

"ನಾನು ಕೇಳಿದ್ದು..."

"ದೊಡ್ಡದಾಗಿ."

ತೆರೆದ ಬಾಯೊಳಗೆ ಕನ್ನಡಿ ಬಂತು. ಅಷ್ಟು ವರ್ಷಗಳ ವಿಚಾರಣೆಯಲ್ಲಿ ಆರೋಪಿಯೇ ತನಿಖೆ ಮಾಡುವವರ ಬಾಯಿ ಕಟ್ಟಿದ್ದು ಇದೇ ಮೊದಲು. ತನಿಖೆಯಮ್ಮ ಕಣ್ಣಿನಲ್ಲೇ ಆಗುವಷ್ಟು ಬೈದರು. ಡಾಕ್ಟರು ಒಂದೊಂದೇ ಹಲ್ಲು ತಟ್ಟುತ್ತಾ ಹೋದರು. ಕೊನೆಗೆ ಅವರ ಕೈಯೇ ಸೋತಿತು.

"ಹಲ್ಲೆಲ್ಲ ಗಟ್ಟಿ ಇದೆ," ಎಂದು ಕನ್ನಡಿ ತೆಗೆದರು. "ಕೇಳಿ. ಏನು ಕೇಳಬೇಕೋ ಕೇಳಿ."

"ತಟ್ಟೆ ಎಲ್ಲಿ? ಗೀರು ಸರಿ ಮಾಡಿದ್ರಲ್ಲ, ಸಂತೋಷ. ಈಗ ಕೊಡಿ. ಬಸ್ಸಕ್ಕ ಬರ್ತಿದಾರೆ."

"ಇಲ್ಲಿಗಾ?" ಡಾಕ್ಟರ ಮುಖ ಬಿಳಿಚಿಕೊಂಡಿತು. "ಇವತ್ತಾ? ಅಯ್ಯೋ, ಅಮ್ಮಾ! ಗೀರು ಸರಿ ಮಾಡಕ್ಕೆ ನಾನ್ಯಾರು? ಛತ್ರಿ ತುದಿ ಕಿತ್ಕೊಂಡು ಹೋದ ಸ್ವರಾನ ಯಾವ ಸೂಜಿ ವಾಪಸ್ ತರತ್ತೆ? ಹಲ್ಲು ಹುಳುಕಾದ್ರೆ ತುಂಬ್ಸಬಹುದು. ಅದನ್ನ ತುಂಬ್ಸಕ್ಕಾಗಲ್ಲ."

"ಹಾಗಾದ್ರೆ ನಿಮ್ಮ ಬಾಯಿಗೆ ಹೇಗೆ ಬಂತು?"

ಡಾಕ್ಟರು ಸ್ಪೀಕರು ಆರಿಸಿದರು. ತಿರುಗುವ ಸ್ಟೂಲಿನ ಮೇಲೆ ಕೂತರು.

"ಹೋದ ತಿಂಗಳು ಒಬ್ರು ಬಂದ್ರು. ಮೇಲಿನ ಸಾಲಲ್ಲಿ ಮುಂದಿನ ಹಲ್ಲಿಲ್ಲ. ಬೇರೆ ಕಡೆ ಕಟ್ಟಿಸಿದ ಹಲ್ಲಿನ ಸೆಟ್ಟು ಜೇಬಲ್ಲಿತ್ತು. ಇದು ತಿನ್ನೋಕೆ ಸರಿ, ನಂಗೆ ಊದೋಕೆ ಬೇಕು ಅಂದ್ರು. ಟ್ರಂಪೆಟ್ಟಂತೆ. ನಂಗೆ ಖುಷಿಯಾಯ್ತು. ತುಟಿಗೆ ಎಲ್ಲಿ ಆಧಾರ ಬೇಕು, ಗಾಳಿ ಎಲ್ಲಿ ಸೋರತ್ತೆ, ಅಂತ ಮೇಣದಲ್ಲಿ ಮಾಡಿ ಮಾಡಿ ನೋಡಿದ್ವಿ. ಒಂದಿನ ಸೆಟ್ಟು ಹಾಕ್ಕೊಂಡು ಇದೇ ಕುರ್ಚಿ ಮೇಲೆ ಕೂತು ಊದಿದ್ರು. ಮೊದಲನೇ ಸ್ವರಕ್ಕೇ ನಂಗೆ ಗೊತ್ತಾಯ್ತು, ಇದು ನಮ್ಮ ರಾಗ. ನಾನೂ ಒಳಗೊಳಗೇ ಹಾಡ್ಕೋತಾ ಹೋದೆ. ಆ ಜಾಗ ಬಂತು. ನಾನು ಹಾರಿದೆ."

"ಅವರು?"

"ಹಾರಲಿಲ್ಲ." ಡಾಕ್ಟರ ಕಣ್ಣು ತುಂಬಿತು. ಅದನ್ನು ಮುಚ್ಚಿಡುವ ಪ್ರಯತ್ನವನ್ನೂ ಅವರು ಮಾಡಲಿಲ್ಲ. "ಇಳಿದ್ರು. ಎಷ್ಟು ಮೆತ್ತಗೆ ಅಂತೀರಿ! ನನ್ನ ಕೈಲಿದ್ದ ಅಚ್ಚು ಬಿದ್ದು ಪುಡಿಯಾಯ್ತು. ಗುಬ್ಬಿ ಅಂದೆ. ಅಷ್ಟೇ ಅಂದಿದ್ದು."

ತನಿಖೆಯಮ್ಮ ಕುರ್ಚಿಯ ಕೈಗಳನ್ನು ಹಿಡಿದುಕೊಂಡರು. ಆ ತಟ್ಟೆಯನ್ನು ಗೀರಿಲ್ಲದೆ ಕೇಳಿದ ಜೀವ ಭೂಮಿಯ ಮೇಲೆ ಇರಲಿಲ್ಲ. ಗೀರಿನಾಚೆಯ ಸ್ವರ ಬಲ್ಲವನು ಊದಿದವನೊಬ್ಬನೇ. ಇಷ್ಟು ಸುಲಭದ ಲೆಕ್ಕ ಹೊಳೆಯದೆ ಸೂಜಿ, ಭೂತಗನ್ನಡಿ ಎಂದು ಅಲೆದೆನಲ್ಲ!

"ಬದುಕಿದಾನೆ," ಎಂದರು.

"ಇದೇ ಊರಲ್ಲಿದಾನೆ. ಬೀಗದ ಅಂಗಡಿ ಮೇಲಿನ ಕೋಣೆ. ಅಕ್ಕಂಗೆ ಹೇಳಬಾರ್ದು ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡ. ಚೆನ್ನಾಗಿ ಊದೋಕೆ ಬಂದ್ಮೇಲೇ ಅಕ್ಕನ ಮುಂದೆ ನಿಲ್ತಾನಂತೆ. ಹಲ್ಲಿಲ್ದೆ ನಿಂತ್ರೆ ಅವಳಿಗೆ ನಾನು ಕಾಣಲ್ಲ, ಆ ಬ್ರೇಕು ಕಾಣತ್ತೆ ಅಂದ."

"ಅಕ್ಕನ ಕಿವಿ ವಿಷಯ ಹೇಳಿದ್ರಾ?"

ಡಾಕ್ಟರು ತಲೆ ತಗ್ಗಿಸಿದರು. "ಬಾಯಿ ಬರ್ಲಿಲ್ಲ."

"ಚೆನ್ನಾಯ್ತು! ನೀವಿಬ್ರೂ ಹಲ್ಲು ಕೂರ್ಲಿ ಅಂತ ಕಾಯ್ತಿದೀರಿ. ಅವರ ಕಿವಿ ಕಾಯತ್ತಾ?"

"ಬೈಯಿರಿ. ಬೈಸ್ಕೊಳ್ಳೋ ಕೆಲಸಾನೇ ಮಾಡಿದೀನಿ."

"ಬೈಯೋದು ಆಮೇಲೆ. ತಟ್ಟೆ ಎಲ್ಲಿ?"

"ಅದು ಮಾತ್ರ ನಾನು ತಗೊಂಡಿಲ್ಲ." ಡಾಕ್ಟರು ಸ್ಟೂಲಿನ ಮೇಲೆ ಅರ್ಧ ಸುತ್ತು ತಿರುಗಿ ಗೋಡೆ ನೋಡಿದರು. "ನನ್ನ ಹಳೇ ದನಿ ಹೇಗಿತ್ತೋ ಮರ್ತೋಗಿದೆ, ಒಂದ್ಸಲ ಕೇಳಬೇಕು ಅಂದ ಗುಬ್ಬಿ. ಕದಿಯೋ ಧೈರ್ಯ ನಂಗಿಲ್ಲ. ಕೇಳಿ ತರೋ ಹಾಗೂ ಇಲ್ಲ. ಒಬ್ರ ಹತ್ರ ಹೇಳ್ಕೊಂಡೆ. ನೀವು ಸುಮ್ನಿರಿ, ನಾನು ನೋಡ್ಕೋತೀನಿ ಅಂದ್ರು."

"ಯಾರು?"

ಮೇಜಿನ ಮೇಲಿನ ಫೋನ್ ಬಡಿದುಕೊಂಡಿತು. ಡಾಕ್ಟರು ಕೂತಲ್ಲೇ ಕೂತರು. ಫೋನನ್ನು ನೋಡಿದರು, ತನಿಖೆಯಮ್ಮನನ್ನು ನೋಡಿದರು, ಮತ್ತೆ ಗೋಡೆಯ ಕಡೆ ತಿರುಗಿದರು. ತನಿಖೆಯಮ್ಮ ಕೈ ಚಾಚಿ ರಿಸೀವರು ಎತ್ತಿದರು.

"ಡಾಕ್ಟ್ರೇ, ಎಡವಟ್ಟಾಗೋಯ್ತು!" ಆ ಕಡೆಯ ದನಿ ಏದುಸಿರು ಬಿಡುತ್ತಿತ್ತು. "ಗುಬ್ಬಿಗೆ ತಟ್ಟೆ ಕೇಳ್ಸಿದೆ. ಆ ಹಾರೋ ಜಾಗ ಬಂದಾಗ, ಇಷ್ಟು ವರ್ಷ ಅವಳು ಇದನ್ನ ಅರ್ಧಂಬರ್ಧಾನೇ ಕೇಳ್ಕೊಂಡಿದ್ಲಾ ಅಂದ. ಸಮಾಧಾನ ಮಾಡಕ್ಕೆ ಹೋಗಿ, ಬಾಯಿ ತಪ್ಪಿ, ಬಸ್ಸಕ್ಕನ ಕಿವಿ ವಿಷಯ ಹೇಳ್ಬಿಟ್ಟೆ. ಇನ್ಮೇಲೆ ಊದಿ ಏನು ಅಂತ ಎದ್ದ. ಸೆಟ್ಟು ಕಿತ್ತು ಮೇಜಿನ ಮೇಲಿಟ್ಟ, ತಟ್ಟೆ ಕಂಕುಳಲ್ಲಿ ಹಾಕ್ಕೊಂಡ, ಹೊರಟೇಬಿಟ್ಟ. ಈಗ ರೈಲ್ವೆ ಸ್ಟೇಷನ್ನಲ್ಲಿ ಟಿಕೆಟ್ಟಿಗೆ ನಿಂತಿದಾನೆ. ನಾನು ಕಂಬದ ಹಿಂದೆ ಇದೀನಿ. ಏನು ಮಾಡ್ಲಿ ಹೇಳಿ!"

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಗಿತ್ತು. ಸುಳ್ಳು ಹೇಳಲು ಬಾರದ ಪ್ರಾಣಿ ಸುಳ್ಳು ಹೇಳಿಯೇ ಇರಲಿಲ್ಲ. ಹೆಂಡತಿ ಕೇಳಿದ್ದರೆ ತಾನೆ? ತನಿಖೆಯಮ್ಮನಿಗೆ ನಗು ಬಂತು, ಸಿಟ್ಟು ಬಂತು, ಗಂಡನ ಮೇಲೆ ತಡೆಯಲಾರದಷ್ಟು ಪ್ರೀತಿಯೂ ಬಂತು.

"ರೀ," ಎಂದರು.

ಆ ಕಡೆ ಏದುಸಿರೂ ನಿಂತಿತು.

"...ನೀನಾ?"

"ನಾನೇ. ನಿಮ್ಮನ್ನ ಮನೇಲಿ ವಿಚಾರಿಸ್ಕೋತೀನಿ. ಈಗ ಕಂಬದ ಹಿಂದಿಂದ ಆಚೆ ಬನ್ನಿ."

ಅಷ್ಟರಲ್ಲಿ ಕ್ಲಿನಿಕ್ಕಿನ ಬಾಗಿಲು ತೆರೆಯಿತು. ಬಸ್ಸಕ್ಕ. ತಲೆ ನೀಟಾಗಿ ಬಾಚಿ, ಒಳ್ಳೆಯ ಸೀರೆ ಉಟ್ಟು ಬಂದಿದ್ದರು. ಕೈಯಲ್ಲಿ ಅಗಲದ ಚೀಲ, ಅದರ ಬಾಯಿಯಿಂದ ಬಿಳಿ ಟವೆಲಿನ ಅಂಚು ಕಾಣುತ್ತಿತ್ತು.

"ಸಿಕ್ತಾ?" ಎಂದು ನಗುತ್ತಾ ಚೀಲ ಬಿಡಿಸಿ ಹಿಡಿದರು.

ಆತುರಗಾರನಿಗೆ ಬುದ್ಧಿ ಮಟ್ಟ ಎಂದು ತನಿಖೆಯಮ್ಮ ತಮ್ಮನ್ನೇ ಬೈದುಕೊಂಡರು. ಡಾಕ್ಟರು ಬೇಡ ಬೇಡ ಎಂದು ಕೈಯಾಡಿಸುತ್ತಿದ್ದರು. ಆಣೆ ಅವರದು. ಆದರೆ ಆ ಕಡೆ ಟಿಕೆಟ್ಟಿನ ಸಾಲು ಕರಗುತ್ತಿತ್ತು, ಈ ಕಡೆ ಚೀಲ ಬಿಡಿಸಿ ಹಿಡಿದ ಬಸ್ಸಕ್ಕ ನಿಂತಿದ್ದರು. ಯೋಚಿಸುತ್ತ ಕೂರುವ ಹೊತ್ತು ಅದಲ್ಲ.

"ರೀ, ಫೋನ್ ಅವನ ಕೈಗೆ ಕೊಡಿ," ಎಂದರು ತನಿಖೆಯಮ್ಮ. "ಏನೂ ಹೇಳ್ಬೇಡಿ. ಬರೀ ಕೊಡಿ."

"ಕೊಟ್ರೆ ಓಡೋಗ್ತಾನೆ ಕಣೆ."

"ಕೊಡ್ರೀ!"

ಆ ಕಡೆ ಜನರ ಗದ್ದಲ, ಗಂಡನ ಹೆಜ್ಜೆ, "ಸ್ವಾಮೀ, ಒಂದ್ನಿಮಿಷ, ನಿಮಗೇನೇ" ಎಂಬ ಮಾತು, ಯಾರೋ ಬೇಡವೆಂದು ತಳ್ಳಿದ ಸದ್ದು. ತನಿಖೆಯಮ್ಮ ಬಸ್ಸಕ್ಕನನ್ನು ಹತ್ತಿರ ಎಳೆದುಕೊಂಡು, ರಿಸೀವರನ್ನು ಅವರ ಬಲಗಿವಿಗೆ ಒತ್ತಿ ಹಿಡಿದರು.

"ನಂಗಾ?" ಎಂದರು ಬಸ್ಸಕ್ಕ. "ನಂಗೆ ಯಾರು ಮಾಡ್ತಾರೆ, ಇಲ್ಲಿಗೆ?"

"ಕೇಳಿ. ಸುಮ್ನೆ ಕೇಳಿ."

ಬಸ್ಸಕ್ಕ ರಿಸೀವರನ್ನು ತಾವೇ ಹಿಡಿದುಕೊಂಡು ಕಣ್ಣು ಕಿರಿದು ಮಾಡಿ ಕೇಳಿದರು. ತನಿಖೆಯಮ್ಮನಿಗೂ ಅಸ್ಪಷ್ಟವಾಗಿ ಕೇಳಿಸಿತು: ಹಲ್ಲಿಲ್ಲದ ಬಾಯಿ, ಅಳು ಬೆರೆತು ಗಾಳಿ ಸೋರುವ ದನಿ, ಒಂದೇ ಒಂದು ಶಬ್ದವನ್ನು ಹೇಳಲು ಒದ್ದಾಡುತ್ತಿತ್ತು. "ಅ... ಅಹ್ಹಾ..."

"ಯಾರು?" ಎಂದು ಬಸ್ಸಕ್ಕ ಜೋರಾಗಿ ಕೇಳಿದರು. "ಯಾರಪ್ಪಾ ನೀವು? ಸ್ವಲ್ಪ ಬಿಡಿಸಿ ಹೇಳಿ."

"ಅ... ಅಹ್ಹಾ..."

ಬಸ್ಸಕ್ಕನ ಮುಖದಲ್ಲಿ ಕನಿಕರ ಮೂಡಿತು. "ಯಾರೋ ಪಾಪ, ಮುದುಕಪ್ಪ," ಎಂದು ತನಿಖೆಯಮ್ಮನಿಗೆ ಹೇಳಿ, ಮತ್ತೆ ಫೋನಿಗೆ ಬಾಯಿಟ್ಟು, "ರಾಂಗ್ ನಂಬರ್ ತಾತ," ಎಂದರು ಅಕ್ಕರೆಯಿಂದ.

ತನಿಖೆಯಮ್ಮ ಕೈ ಚಾಚುವಷ್ಟರಲ್ಲಿ ಅವರು ಫೋನ್ ಇಟ್ಟಾಗಿತ್ತು.